ಗಣಕದ ಆಟಗಳಲ್ಲಿ ದ್ವಾರವಿಘ್ನ

೧

ಹರಿಹರ ತಾಲ್ಲೂಕಿನ ನಂದಿಗುಡಿ ಗ್ರಾಮದ ಹೆಸರಿನಲ್ಲಿ ನಂದಿಯೂ ಗುಡಿಯೂ ಒಂದಾಗಿ ನಿಂತಿವೆ. ಶಿವಾಲಯದಲ್ಲಿ ನಂದಿಯ ಸ್ಥಾನವು ಗರ್ಭಗೃಹಕ್ಕೆ ಎದುರಾದುದು. ಅವನ ದೃಷ್ಟಿಯು ಒಳಗಿನ ದೇವರಲ್ಲಿ ನೆಟ್ಟಿರುವುದೇ ಹೊರತು ಬಂದವರ ಮುಖದಲ್ಲಿ ಅಲ್ಲ. ಅವನ ಕೊಂಬುಗಳ ನಡುವಿನಿಂದ ಲಿಂಗದರ್ಶನವನ್ನು ಮಾಡುವುದು ಭಕ್ತರಲ್ಲಿ ರೂಢಿಯಾಗಿ ಬಂದಿದೆ. ಕಾಳಿದಾಸನು ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಇದೇ ನಂದಿಯನ್ನು ದ್ವಾರಪಾಲಕನಾಗಿ ಚಿತ್ರಿಸಿರುವನು. ಅಲ್ಲಿ ನಂದಿಯು ಲತಾಗೃಹದ ಬಾಗಿಲಲ್ಲಿ ಹೊನ್ನಿನ ಬೆತ್ತವನ್ನು ಊರಿ ನಿಂತು, ತುಟಿಯ ಮೇಲೆ ಬೆರಳಿಟ್ಟು, ಗಣಗಳ ಚಾಪಲ್ಯವನ್ನು ಅಡಗಿಸುತ್ತಾನೆ. ಒಳಗೆ ನಡೆಯುತ್ತಿರುವ ಧ್ಯಾನಕ್ಕೆ ಭಂಗ ಬಾರದಂತೆ ಕಾಯುವುದೇ ಅವನ ಕೆಲಸ. ದ್ವಾರಪಾಲಕನ ಧರ್ಮವೇನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವು ದೊರೆಯಲಾರದು.

ಈಚಿನ ಎರಡು ದಶಕಗಳಲ್ಲಿ ಗಣಕಯಂತ್ರದ ಆಟಗಳಿಗೆ ದೊರೆತಿರುವ ದ್ವಾರಪಾಲಕನು ಈ ಲಕ್ಷಣಕ್ಕೆ ಒಳಪಡುವವನಲ್ಲ. ಅವನ ಹೆಸರು ‘ಲಾಂಚರ್’. ಆಟವನ್ನು ತೆರೆಯುವುದಕ್ಕೆ ಮೊದಲು ತೆರೆಯಲೇಬೇಕಾದ ಇನ್ನೊಂದು ತಂತ್ರಾಂಶವೇ ಇದು. ಹಣವನ್ನು ಕೊಟ್ಟು ಆಟವನ್ನು ಕೊಂಡವನು ಅಲ್ಲಿ ತನ್ನ ಹೆಸರಿನ ಖಾತೆಯೊಂದನ್ನು ತೆರೆದು, ಗುಪ್ತಪದವನ್ನು ಒಪ್ಪಿಸಿ, ಅಂಚೆಪೆಟ್ಟಿಗೆಗೆ ಬಂದ ಸಂಕೇತಸಂಖ್ಯೆಯನ್ನು ತುಂಬಿ, ಪ್ರಕಾಶಕನು ಬದಲಾಯಿಸಿದ ಕರಾರುಗಳಿಗೆ ಮತ್ತೆ ಮತ್ತೆ ಸಮ್ಮತಿಯನ್ನು ಕೊಟ್ಟು, ಬೇರೆ ಆಟಗಳ ಜಾಹೀರಾತುಗಳನ್ನು ದಾಟಿದ ಮೇಲೆ ಕಥೆಯ ಮೊದಲ ದೃಶ್ಯವನ್ನು ಕಾಣುತ್ತಾನೆ. ಇದರಿಂದಾಗುವ ಬೇಸರವು ಆಟಗಾರರ ನಿತ್ಯದ ಮಾತಾಗಿದೆ. ಆದರೆ ಇದನ್ನು ಕೇವಲ ಗಿರಾಕಿಯ ದೂರೆಂದು ಬದಿಗಿಡುವುದು ಸರಿಯಲ್ಲ. ಗಣಕದ ಆಟಗಳಲ್ಲಿ ಕೆಲವು ಇಂದು ಪಾತ್ರ, ಸಂಭಾಷಣೆ, ಕಥಾಸಂವಿಧಾನಗಳಿಂದ ಕೂಡಿದ ದೀರ್ಘ ಆಖ್ಯಾನಗಳಾಗಿ ಬೆಳೆದಿವೆ. ಸಾಹಿತ್ಯವಿಮರ್ಶೆಯ ಉಪಕರಣಗಳಿಂದ ಪರೀಕ್ಷಿಸಲು ತಕ್ಕವಾಗಿವೆ. ಹೀಗಿರುವಲ್ಲಿ, ಬಾಗಿಲಿನ ಈ ವ್ಯವಸ್ಥೆಯು ಕೃತಿಯ ಹೊರಗಿನ ವಿಷಯವೇ, ಇಲ್ಲವೆ ಕೃತಿಯ ಸ್ವರೂಪವನ್ನೇ ಮಾರ್ಪಡಿಸುವಂಥದೇ ಎಂಬ ಪ್ರಶ್ನೆಯು ವಿಮರ್ಶೆಗೆ ಸೇರಿದುದಾಗಿದೆ. ಎರಡನೆಯ ಪಕ್ಷವೇ ನಿಜವೆಂದೂ, ಪ್ರಕಾಶಕನ ಅನುಮತಿಯಿದ್ದಾಗ ಮಾತ್ರ ತೆರೆಯುವ ಕೃತಿಯು ಪೂರ್ಣಾರ್ಥದಲ್ಲಿ ‘ಗ್ರಂಥ’ವಾಗಲಾರದೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಈ ಪದ್ಧತಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬೇಕು. ಅಮೆರಿಕದ ವಾಲ್ವ್ ಸಂಸ್ಥೆಯು ‘ಸ್ಟೀಮ್’ ಎಂಬ ತಂತ್ರಾಂಶವನ್ನು ೨೦೦೩ರಲ್ಲಿ ಹೊರತಂದಿತು. ಮರುವರ್ಷ ನವೆಂಬರಿನಲ್ಲಿ ಪ್ರಕಟವಾದ ‘ಹಾಫ್-ಲೈಫ್ ೨’ ಎಂಬ ಆಟವನ್ನು ಅಂಗಡಿಯಲ್ಲಿ ಪೆಟ್ಟಿಗೆಯಾಗಿ ಕೊಂಡವರೂ ಸ್ಟೀಮಿನಲ್ಲಿ ಖಾತೆಯನ್ನು ತೆರೆಯದೆ ಆಡುವಂತಿರಲಿಲ್ಲ. ಕೈಯಲ್ಲಿ ತಟ್ಟೆಯಿದ್ದರೂ ಕೃತಿಯು ಕೈಯಲ್ಲಿಲ್ಲವೆಂಬ ಸ್ಥಿತಿಯು ಜನಪ್ರಿಯವಾದ ಆಟವೊಂದರಲ್ಲಿ ವ್ಯಾಪಕವಾಗಿ ಅನುಭವಕ್ಕೆ ಬಂದುದು ಆಗಲೇ. ಮುಂದೆ ೨೦೧೦ರಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯು ‘ಅಸ್ಯಾಸಿನ್ಸ್ ಕ್ರೀಡ್ ೨’ ಎಂಬ ಆಟವನ್ನು ಗಣಕಕ್ಕೆ ತಂದಾಗ, ಒಬ್ಬನೇ ಕುಳಿತು ಆಡುವ ಈ ಕಥೆಗೂ ಜಾಲಸಂಪರ್ಕವು ಎಡೆಬಿಡದೆ ಇರಬೇಕೆಂದು ವಿಧಿಸಿತು. ಅದೇ ವರ್ಷದ ಮಾರ್ಚಿನಲ್ಲಿ ಸಂಸ್ಥೆಯ ಸರ್ವರುಗಳು ಕೆಟ್ಟು, ಕೊಂಡವರು ಹೊರಗುಳಿದರು. ೨೦೧೧ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ‘ಆರಿಜಿನ್’, ೨೦೧೮ರಲ್ಲಿ ಎಪಿಕ್ ಸಂಸ್ಥೆಯ ಅಂಗಡಿ, ೨೦೧೯ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಲಾಂಚರ್, ಹೀಗೆ ಒಬ್ಬೊಬ್ಬ ಪ್ರಕಾಶಕನೂ ತನ್ನದೊಂದು ಬಾಗಿಲನ್ನು ಕಟ್ಟಿದನು. ಪರಿಣಾಮವಾಗಿ ಬಾಗಿಲೊಳಗೆ ಬಾಗಿಲು ಬಂದಿತು. ಸ್ಟೀಮಿನಲ್ಲಿ ಕೊಂಡ ಆಟವು ಮೊದಲು ಸ್ಟೀಮನ್ನೂ ಅನಂತರ ಪ್ರಕಾಶಕನ ಲಾಂಚರನ್ನೂ ತೆರೆದು, ಎರಡು ಖಾತೆಗಳ ಸಮ್ಮತಿಯಾದ ಮೇಲೆ ತಾನು ತೆರೆದುಕೊಳ್ಳುವಂತಾಯಿತು.

ಈ ಚರಿತ್ರೆಯು ಕರ್ಣಾಟಕಕ್ಕೆ ದೂರವಾದುದಲ್ಲ. ಭಾರತದ ಮೊದಲ ಆಟನಿರ್ಮಾಣ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ೧೯೯೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ರಾಕ್‌ಸ್ಟಾರ್ ಸಂಸ್ಥೆಯು ೨೦೧೬ರಲ್ಲಿ ಅದೇ ನಗರದಲ್ಲಿ ತನ್ನ ಶಾಖೆಯನ್ನು ತೆರೆದು, ೨೦೧೯ರಲ್ಲಿ ಧ್ರುವವನ್ನು ಕೊಂಡು ತನ್ನಲ್ಲಿ ಸೇರಿಸಿಕೊಂಡಿತು. ಈ ಸಂಸ್ಥೆಯ ಲಾಂಚರ್ ಹೊರಬಂದುದೂ, ಅದರ ಪ್ರಸಿದ್ಧವಾದ ‘ರೆಡ್ ಡೆಡ್ ರಿಡೆಂಪ್ಶನ್ ೨’ ಎಂಬ ಆಟವು ಗಣಕಕ್ಕೆ ಬಂದುದೂ ಅದೇ ವರ್ಷವೇ. ಈಗ ನಂದಿಗುಡಿಯಂಥ ಗ್ರಾಮದಲ್ಲಿ ಕುಳಿತ ವಿದ್ಯಾರ್ಥಿಯೊಬ್ಬನು ಸ್ಟೀಮಿನ ಮೂಲಕ ಈ ಆಟವನ್ನು ಕೊಂಡನೆಂದು ಭಾವಿಸಬಹುದು. ಇದರ ನಿರ್ಮಾಣದಲ್ಲಿ ಪಾಲುಗೊಂಡ ಶಾಖೆಯೊಂದು ಅವನ ರಾಜ್ಯದ ರಾಜಧಾನಿಯಲ್ಲಿಯೇ ಇದೆ, ಹಣವು ಸಂದಿದೆ, ಕೃತಿಯ ಪ್ರತಿಯು ಪೂರ್ಣವಾಗಿ ಅವನ ಯಂತ್ರದೊಳಗೆ ಇಳಿದಿದೆ. ಆದರೂ ದೂರದೇಶದ ಸರ್ವರೊಂದು ಅವನನ್ನು ಗುರುತಿಸುವವರೆಗೆ ಕಥೆಯು ಮೊದಲಾಗದು. ೨೦೨೧ರ ನವೆಂಬರಿನಲ್ಲಿ ರಾಕ್‌ಸ್ಟಾರ್ ಲಾಂಚರಿನ ಸೇವೆಯು ಒಂದು ದಿನಕ್ಕೂ ಮಿಕ್ಕು ನಿಂತುಹೋದಾಗ, ಅದನ್ನು ಅವಲಂಬಿಸಿದ ಆಟಗಳಿಗೆ ಜಗತ್ತಿನ ನಾನಾ ಕಡೆಗಳಲ್ಲಿ ಪ್ರವೇಶವಿಲ್ಲದಾಯಿತು. ಕೃತಿಯಲ್ಲಿ ಯಾವ ದೋಷವೂ ಇರಲಿಲ್ಲ. ಕೆಟ್ಟುದು ಬಾಗಿಲು ಮಾತ್ರ.

೩

ಪ್ರತಿಯೊಂದು ಕಲೆಗೂ ಒಂದು ಪ್ರವೇಶವಿಧಿಯುಂಟಲ್ಲವೆ, ಲಾಂಚರನ್ನೂ ಹಾಗೆಯೇ ಏಕೆ ತಿಳಿಯಬಾರದು ಎಂದು ಆಕ್ಷೇಪಿಸಬಹುದು. ನಾಟ್ಯಕ್ಕೆ ಪೂರ್ವರಂಗವಿದೆ; ಯಕ್ಷಗಾನದಲ್ಲಿ ಕೋಡಂಗಿ, ಬಾಲಗೋಪಾಲ ಮುಂತಾದ ವೇಷಗಳು ಕುಣಿದ ಮೇಲೆಯೇ ಪ್ರಸಂಗವು ಮೊದಲಾಗುತ್ತದೆ; ಮೂಡಲಪಾಯದ ಆಟಗಳಲ್ಲಿ ಗಣಪತಿಸ್ತುತಿಯಿಲ್ಲದೆ ಕಥೆಯಿಲ್ಲ. ಆಕ್ಷೇಪವು ವಿಚಾರಾರ್ಹವಾದುದು. ಅದಕ್ಕೆ ಉತ್ತರವು ಅಲಂಕಾರಶಾಸ್ತ್ರದಲ್ಲಿಯೇ ದೊರೆಯುತ್ತದೆ.

ಅಭಿನವಗುಪ್ತಾಚಾರ್ಯನು ನಾಟ್ಯಶಾಸ್ತ್ರದ ವ್ಯಾಖ್ಯಾನವಾದ ಅಭಿನವಭಾರತಿಯಲ್ಲಿ ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸಿರುವನು. ಅವುಗಳಲ್ಲಿ ಎರಡು ಇಲ್ಲಿ ಮುಖ್ಯವಾದುವು. ಪ್ರೇಕ್ಷಕನು ತಾನು ಇಂಥವನು, ಇಂಥ ದೇಶಕಾಲಗಳಲ್ಲಿ ಇರುವವನು ಎಂಬ ಭಾವಕ್ಕೆ ಅಂಟಿಕೊಂಡಿರುವುದು ಒಂದು. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಇನ್ನೊಂದು. ಮೊದಲನೆಯದನ್ನು ಪೂರ್ವರಂಗವೂ ಪ್ರಸ್ತಾವನೆಯೂ ನಟನ ವೇಷವೂ ಕಳೆಯುತ್ತವೆ. ಎರಡನೆಯದನ್ನು ವಾದ್ಯ, ಗಾನ, ರಂಗಮಂಟಪದ ಸೊಬಗು ಮೊದಲಾದುವು ಕಳೆಯುತ್ತವೆ. ಎಂದರೆ, ಪ್ರವೇಶವಿಧಿಯ ಪ್ರಯೋಜನವು ಪ್ರೇಕ್ಷಕನ ‘ತಾನು’ ಎಂಬುದನ್ನು ಸಡಿಲಿಸಿ, ಸಾಧಾರಣೀಕರಣಕ್ಕೆ ಅವನನ್ನು ಅಣಿಗೊಳಿಸುವುದು.

ಲಾಂಚರಿನ ವಿಧಿಯು ಇದಕ್ಕೆ ನೇರವಾಗಿ ವಿರುದ್ಧವಾದುದು. ಅದು ಆಟಗಾರನಿಗೆ ಅವನ ಹೆಸರನ್ನೂ ಜನ್ಮದಿನಾಂಕವನ್ನೂ ದೇಶವನ್ನೂ ನೆನಪಿಸುತ್ತದೆ. ಮರೆತ ಗುಪ್ತಪದದ ಚಿಂತೆಯನ್ನು ಹಚ್ಚುತ್ತದೆ. ಕೊಳ್ಳಬೇಕಾದ ಬೇರೆ ಸರಕನ್ನು ಮುಂದೊಡ್ಡುತ್ತದೆ. ಆಚಾರ್ಯನು ಪೂರ್ವರಂಗದಿಂದ ಕಳೆಯಬೇಕೆಂದ ವಿಘ್ನವನ್ನೇ ಈ ದ್ವಾರವು ಉತ್ಪಾದಿಸುತ್ತದೆ. ಮೂಡಲಪಾಯದ ಒಂದು ಸಂಪ್ರದಾಯವು ಈ ಭೇದವನ್ನು ಸ್ಫುಟಗೊಳಿಸುತ್ತದೆ. ಅಲ್ಲಿ ಸಾರಥಿಯು ರಂಗಕ್ಕೆ ಬಂದ ಪಾತ್ರವನ್ನು ತಡೆದು, ಹೆಸರೇನು, ಊರೇನು, ಬಂದ ಕಾರ್ಯವೇನು ಎಂದು ಕೇಳುತ್ತಾನೆ. ಪಾತ್ರವು ತನ್ನ ಬಿರುದಾವಳಿಯನ್ನು ಸಾರುತ್ತದೆ. ಆ ಪ್ರಶ್ನೋತ್ತರದಿಂದಲೇ ಕಥಾಲೋಕವು ಕಣ್ಣಮುಂದೆ ಕಟ್ಟಿಕೊಳ್ಳುತ್ತದೆ. ಸಾರಥಿಯು ಪಾತ್ರದ ಹೆಸರನ್ನು ಕೇಳುವನು. ಲಾಂಚರ್ ಪ್ರೇಕ್ಷಕನ ಹೆಸರನ್ನು ಕೇಳುವುದು. ಮೊದಲನೆಯ ಪ್ರಶ್ನೆಯಿಂದ ಕಥೆಯು ಹುಟ್ಟುತ್ತದೆ. ಎರಡನೆಯದರಿಂದ ದಾಖಲೆಯೊಂದು ಹುಟ್ಟುತ್ತದೆ.

ಟಿಕೇಟಿನ ಉದಾಹರಣೆಯಿಂದಲೂ ಲಾಂಚರಿಗೆ ಸಮರ್ಥನೆಯು ದೊರೆಯದು. ದಾವಣಗೆರೆಯ ಚಿಂದೋಡಿ ಮನೆತನದವರ ಕೆ. ಬಿ. ಆರ್. ಡ್ರಾಮಾ ಕಂಪನಿಯಂಥ ವೃತ್ತಿನಾಟಕ ಮಂಡಳಿಗಳು ಟಿಕೇಟನ್ನು ಮಾರಿಯೇ ಜೀವಿಸಿದವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಟಿಕೇಟು ಹೆಸರನ್ನು ಕೇಳುವುದಿಲ್ಲ. ಒಮ್ಮೆ ಹರಿದ ಮೇಲೆ ಅದರ ಕೆಲಸವು ಮುಗಿಯಿತು. ಕೊಂಡವನು ಅದನ್ನು ತಮ್ಮನಿಗೆ ಕೊಟ್ಟು ಕಳುಹಿಸಬಹುದು. ನಾಟಕದ ನಡುವೆ ಕಂಪನಿಯವರು ಬಂದು ಪ್ರೇಕ್ಷಕನನ್ನು ಎಬ್ಬಿಸಿ ಹೊಸ ಕರಾರಿಗೆ ರುಜುವನ್ನು ಕೇಳುವುದಿಲ್ಲ.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಹೇಳುವ ಅನುಬಂಧಚತುಷ್ಟಯದಲ್ಲಿ ‘ಅಧಿಕಾರಿ’ ಎಂಬುದೂ ಒಂದು. ಕಾವ್ಯಕ್ಕೆ ಅಧಿಕಾರಿಯು ಸಹೃದಯನು. ಆ ಅರ್ಹತೆಯು ಅವನ ಅಭ್ಯಾಸದಿಂದಲೂ ಸಂಸ್ಕಾರದಿಂದಲೂ ಬಂದುದು. ಖಾತೆಯ ಪದ್ಧತಿಯಲ್ಲಿ ಅರ್ಹತೆಯು ಓದುವವನಲ್ಲಿ ಇರದೆ ಮಾರುವವನ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ೨೦೨೪ರ ಫೆಬ್ರವರಿಯಲ್ಲಿ ಪ್ರಕಟವಾದ ‘ಹೆಲ್‌ಡೈವರ್ಸ್ ೨’ ಎಂಬ ಆಟದಲ್ಲಿ ಇದು ಪ್ರತ್ಯಕ್ಷವಾಯಿತು. ಗಣಕದಲ್ಲಿ ಆಡುವವರೂ ತನ್ನ ಜಾಲದ ಖಾತೆಯನ್ನು ಹೊಂದಲೇಬೇಕೆಂದು ಸೋನಿ ಸಂಸ್ಥೆಯು ಮೇ ತಿಂಗಳಿನಲ್ಲಿ ಸಾರಿತು. ಆ ಖಾತೆಯನ್ನೇ ತೆರೆಯಲು ಅವಕಾಶವಿಲ್ಲದ ಅನೇಕ ದೇಶಗಳಲ್ಲಿ ಆಟವು ಆಗಲೇ ಮಾರಾಟವಾಗಿದ್ದಿತು. ತಿಂಗಳುಗಟ್ಟಲೆ ಆಡಿದವರು ತಮ್ಮ ದೇಶದ ಕಾರಣದಿಂದ ಅನಧಿಕಾರಿಗಳಾಗುವ ಸಂಭವ ಒದಗಿತು. ಪ್ರತಿಭಟನೆಯು ಬಲವಾದುದರಿಂದ ಕೆಲವೇ ದಿನಗಳಲ್ಲಿ ಸಂಸ್ಥೆಯು ಆಜ್ಞೆಯನ್ನು ಹಿಂದೆಗೆದುಕೊಂಡಿತು.

೪

ಇದುವರೆಗೆ ಹೇಳಿದುದು ಆಸ್ವಾದನೆಗೆ ಬರುವ ವಿಘ್ನವನ್ನು ಕುರಿತದ್ದು. ಇದಕ್ಕಿಂತ ಗುರುತರವಾದುದು ಪಾಠಕ್ಕೆ ಬರುವ ವಿಪತ್ತು. ಗ್ರಂಥಸಂಪಾದನೆಯ ಕೆಲಸವನ್ನು ಬಲ್ಲವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ಲಾಂಚರ್ ಬಾಗಿಲನ್ನು ಕಾಯುವುದಲ್ಲದೆ, ಒಳಗಿನ ಕೃತಿಯನ್ನು ಪ್ರಕಾಶಕನ ಇಷ್ಟದಂತೆ ತಿದ್ದಲೂ ಬಲ್ಲುದು. ಹೊಸ ಪಾಠವು ಬಂದಾಗ ಹಳೆಯ ಪಾಠವು ಕೊಂಡವನ ಯಂತ್ರದಿಂದಲೇ ಅಳಿಯುತ್ತದೆ.

ರಾಕ್‌ಸ್ಟಾರ್ ಸಂಸ್ಥೆಯ ‘ಗ್ರ್ಯಾಂಡ್ ಥೆಫ್ಟ್ ಆಟೊ ೪’ (೨೦೦೮) ಇದಕ್ಕೆ ಒಳ್ಳೆಯ ದೃಷ್ಟಾಂತ. ಅದರ ನಾಯಕನಾದ ನಿಕೊ ಬೆಲಿಕ್ ಪೂರ್ವ ಯೂರೋಪಿನಿಂದ ಅಮೆರಿಕದ ಕಲ್ಪಿತ ಮಹಾನಗರವೊಂದಕ್ಕೆ ಹಡಗಿನಲ್ಲಿ ಬಂದಿಳಿದ ವಲಸೆಗಾರ. ಯುದ್ಧದ ನೆನಪನ್ನು ಹೊತ್ತವನು. ನಗರದಲ್ಲಿ ಅವನು ಓಡಿಸುವ ಬಂಡಿಯೊಳಗೆ ರೇಡಿಯೊ ಹಾಡುತ್ತಿರುತ್ತದೆ, ‘ವ್ಲಾಡಿವಸ್ತೋಕ್ ಎಫ್. ಎಂ.’ ಎಂಬ ಕಲ್ಪಿತ ನಿಲಯವು ರಷ್ಯನ್ ಹಾಡುಗಳನ್ನು ಬಿತ್ತರಿಸುತ್ತದೆ. ಈ ಸಂಗೀತವು ಬರಿಯ ಅಲಂಕಾರವಲ್ಲ. ಪರದೇಶದ ಬೀದಿಯಲ್ಲಿ ಬಿಟ್ಟುಬಂದ ಲೋಕದ ದನಿಯನ್ನು ಕೇಳಿಸುವ ಉದ್ದೀಪನವಿಭಾವವದು. ಹಾಡುಗಳ ಹಕ್ಕಿನ ಅವಧಿಯು ಮುಗಿದುದರಿಂದ ೨೦೧೮ರ ಏಪ್ರಿಲಿನಲ್ಲಿ ಅನೇಕ ಹಾಡುಗಳನ್ನು ಆಟದಿಂದ ತೆಗೆದುಹಾಕಲಾಯಿತು. ಅತ್ಯಂತ ಹೆಚ್ಚಿನ ನಷ್ಟವಾದುದು ಈ ರಷ್ಯನ್ ನಿಲಯಕ್ಕೇ. ಹಳೆಯ ಹಾಡುಗಳ ಸ್ಥಾನದಲ್ಲಿ ಬೇರೆ ರಷ್ಯನ್ ಹಾಡುಗಳು ಬಂದವು. ಹತ್ತು ವರ್ಷಗಳ ಹಿಂದೆ ಹಣ ತೆತ್ತವರ ಪ್ರತಿಗಳಲ್ಲಿಯೂ ಸ್ಟೀಮಿನ ಮೂಲಕ ಈ ತಿದ್ದುಪಡಿಯು ನಡೆಯಿತು. ಮುಂದೆ ೨೦೨೦ರ ಜನವರಿಯಲ್ಲಿ ಈ ಆಟವು ಸ್ಟೀಮಿನ ಮಾರಾಟದಿಂದಲೇ ಮರೆಯಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯು ಕೈಬಿಟ್ಟಿದ್ದ ಹಳೆಯ ಖಾತೆಪದ್ಧತಿಯೊಂದಕ್ಕೆ ಆಟವು ಕಟ್ಟುಬಿದ್ದಿದ್ದುದರಿಂದ, ಹೊಸ ಪ್ರತಿಗಳಿಗೆ ಬೇಕಾದ ಕೀಲಿಸಂಖ್ಯೆಗಳು ದೊರೆಯದಾದುದೇ ಇದಕ್ಕೆ ಕಾರಣ. ಮಾರ್ಚಿನಲ್ಲಿ ಆ ಕಟ್ಟನ್ನು ಬಿಡಿಸಿ ಮರಳಿ ಮಾರಾಟಕ್ಕಿಟ್ಟಾಗ, ಹಲವರು ಕೂಡಿ ಆಡುವ ಭಾಗವೂ ಕೆಲವು ರೇಡಿಯೊ ನಿಲಯಗಳೂ ಲುಪ್ತವಾಗಿದ್ದವು. ಈಗ ಈ ಆಟದ ಸಂಗೀತವನ್ನು ಕುರಿತು ಬರೆದ ೨೦೦೮ರ ವಿಮರ್ಶೆಯನ್ನು ಓದುವ ಅಧ್ಯಾಪಕನು, ವಿಮರ್ಶಕನು ಕೇಳಿದ ಹಾಡನ್ನು ಇಂದು ಕೊಂಡ ಪ್ರತಿಯಲ್ಲಿ ಹುಡುಕಿದರೆ ಕಾಣಲಾರನು. ವಿಮರ್ಶೆಯು ಉಳಿದಿದೆ; ವಿಮರ್ಶಿತವಾದ ಪಾಠವು ಉಳಿದಿಲ್ಲ.

ಓಲೆಗರಿಗಳಲ್ಲಿಯೂ ಪಾಠಾಂತರಗಳುಂಟು, ಗ್ರಂಥಪಾತಗಳುಂಟು. ಆದರೆ ಒಬ್ಬ ಲಿಪಿಕಾರನ ಪ್ರಮಾದವು ಇನ್ನೊಂದು ಮಠದ ಓಲೆಯನ್ನು ತಿದ್ದುತ್ತಿರಲಿಲ್ಲ. ಪ್ರತಿಗಳು ಪರಸ್ಪರ ಸ್ವತಂತ್ರವಾಗಿದ್ದುದರಿಂದಲೇ ಅವುಗಳನ್ನು ತಾಳೆ ನೋಡಿ ಶುದ್ಧಪಾಠವನ್ನು ಊಹಿಸುವುದು ಸಾಧ್ಯವಾಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ೧೮೯೮ರಲ್ಲಿ ಕೆ. ಬಿ. ಪಾಠಕರಿಂದ ಅಚ್ಚಿನ ಬೆಳಕನ್ನು ಕಂಡುದು, ಹೆಸರಿಲ್ಲದ ಲಿಪಿಕಾರರು ಯಾರ ಅಪ್ಪಣೆಯನ್ನೂ ಬೇಡದೆ ಪ್ರತಿಮಾಡುತ್ತ ಬಂದುದರ ಫಲ. ಲಾಂಚರಿಗೆ ಅಧೀನವಾದ ಆಟದ ಲಕ್ಷ ಪ್ರತಿಗಳಿದ್ದರೂ ಅವು ಒಂದೇ ಪ್ರತಿಯ ನೆರಳುಗಳು. ಮೂಲದಲ್ಲಿ ಅಳಿಸಿದುದು ಎಲ್ಲೆಡೆಯೂ ಅಳಿಯುತ್ತದೆ.

ಪೂರ್ಣವಾಗಿ ಅಳಿದುದಕ್ಕೂ ನಿದರ್ಶನವಿದೆ. ಯೂಬಿಸಾಫ್ಟ್ ಸಂಸ್ಥೆಯ ‘ದಿ ಕ್ರೂ’ ಎಂಬ ವಾಹನಸ್ಪರ್ಧೆಯ ಆಟವು ೨೦೧೪ರಲ್ಲಿ ಹೊರಬಂದಿತು. ಅದರಲ್ಲಿ ಒಬ್ಬನೇ ಆಡಬಹುದಾದ ಕಥೆಯೂ ಇದ್ದಿತು. ಆದರೆ ಸರ್ವರಿನ ಸಂಪರ್ಕವಿಲ್ಲದೆ ಅದು ನಡೆಯುತ್ತಿರಲಿಲ್ಲ. ೨೦೨೪ರ ಮಾರ್ಚಿ ೩೧ರಂದು ಸರ್ವರನ್ನು ಮುಚ್ಚಲಾಗಿ, ಕೊಂಡವರೆಲ್ಲರ ಪ್ರತಿಗಳೂ ಒಮ್ಮೆಗೇ ನಿರರ್ಥಕವಾದವು. ಹತ್ತು ವರ್ಷವೂ ತುಂಬದ ಕೃತಿಗೆ ಒದಗಿದ ಗತಿಯಿದು. ನಂದಿಗುಡಿಯ ತಾಲ್ಲೂಕುಕೇಂದ್ರವಾದ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೩ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಪ್ರಕಟಿಸಿದರು. ಹೊಯ್ಸಳರ ರಾಜ್ಯವು ಅಳಿದು ಐದು ಶತಮಾನಗಳು ಕಳೆದಿದ್ದರೂ ಕಲ್ಲನ್ನು ಓದಲು ಯಾರ ಖಾತೆಯೂ ಬೇಕಾಗಲಿಲ್ಲ. ಶಾಸನದ ಕೊನೆಯಲ್ಲಿ ಬರುವ ಶಾಪವಾಕ್ಯಗಳು ಬರೆಹವನ್ನೂ ದಾನವನ್ನೂ ಕೆಡಿಸುವವನಿಗೆ ಸಂಬಂಧಿಸಿದವು; ಓದುವವನನ್ನು ತಡೆಯುವುದಕ್ಕಲ್ಲ. ಈಗಿನ ಕರಾರುಪತ್ರಗಳಲ್ಲಿ ಕೆಡಿಸುವ ಹಕ್ಕು ಪ್ರಕಾಶಕನಿಗೆ ಮೀಸಲಾಗಿ, ದಂಡನೆಯ ಎಚ್ಚರಿಕೆಯು ಓದುವವನ ಪಾಲಿಗೆ ಬಂದಿದೆ.

೫

ಪ್ರಕಾಶಕರ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ಕಳ್ಳಪ್ರತಿಗಳ ಹಾವಳಿಯು ಸುಳ್ಳಲ್ಲ. ಹಲವರು ಕೂಡಿ ಆಡುವಲ್ಲಿ ಮೋಸಗಾರರನ್ನು ಹಿಡಿಯಲು ಗುರುತು ಬೇಕು. ತಿದ್ದುಪಡಿಗಳನ್ನು ತಲಪಿಸುವುದೂ, ಅರ್ಧ ಆಡಿದ ಕಥೆಯನ್ನು ಬೇರೊಂದು ಯಂತ್ರದಲ್ಲಿ ಮುಂದುವರಿಸುವುದೂ ಖಾತೆಯಿಂದ ಸುಲಭವಾಗುತ್ತವೆ. ಸ್ಟೀಮ್ ೨೦೧೫ರಲ್ಲಿ ರೂಪಾಯಿಯ ಬೆಲೆಗಳನ್ನು ಪ್ರಕಟಿಸಿದುದರಿಂದ ಭಾರತದ ಆಟಗಾರರಿಗೆ ಉಪಕಾರವೇ ಆಯಿತು. ಇವೆಲ್ಲವೂ ಒಪ್ಪತಕ್ಕವು. ಆದರೆ ಇವು ಖಾತೆಯ ಉಪಯೋಗವನ್ನು ಸಾಧಿಸುತ್ತವೆಯೇ ಹೊರತು ಅದರ ಅನಿವಾರ್ಯತೆಯನ್ನಲ್ಲ. ಮನ್ಮಥನು ನಂದಿಯ ಕಣ್ಣನ್ನು ತಪ್ಪಿಸಿ ಒಳಹೊಕ್ಕನೆಂದು ಕಾಳಿದಾಸನೇ ಹೇಳಿರುವನು. ಹಾಗೆಯೇ ಕಳ್ಳಪ್ರತಿಯನ್ನು ಮಾಡುವವನು ಬೀಗವನ್ನು ಒಡೆದ ಪ್ರತಿಯನ್ನೇ ಹಂಚುವುದರಿಂದ, ಬಾಗಿಲಿನ ಕಷ್ಟವು ಹಣ ಕೊಟ್ಟವನಿಗೇ ಉಳಿಯುತ್ತದೆ.

ಅನಿವಾರ್ಯವೆಂದುದು ಅನಿವಾರ್ಯವಲ್ಲವೆಂಬುದಕ್ಕೆ ನಿದರ್ಶನಗಳೂ ಇವೆ. ೨೦೧೩ರಲ್ಲಿ ಬಂದ ‘ಸಿಮ್‌ಸಿಟಿ’ ಎಂಬ ನಗರನಿರ್ಮಾಣದ ಆಟಕ್ಕೆ ಜಾಲವು ಅತ್ಯವಶ್ಯಕವೆಂದು ವಾದಿಸಲಾಗಿದ್ದಿತು. ೨೦೧೪ರಲ್ಲಿ ಜಾಲವಿಲ್ಲದೆ ಆಡುವ ಕ್ರಮವು ಬಂದೇಬಂದಿತು. ಪೋಲೆಂಡಿನ ‘ಜಿ. ಒ. ಜಿ.’ ಎಂಬ ಮಾರಾಟದ ತಾಣವು ೨೦೦೮ರಿಂದಲೂ ಬೀಗವಿಲ್ಲದ ಪ್ರತಿಗಳನ್ನು ಮಾರುತ್ತಿದೆ. ‘ದಿ ಕ್ರೂ’ ಮುಚ್ಚಿದ ವರ್ಷವೇ, ಆ ಸರಣಿಯ ಮುಂದಿನ ಆಟಗಳಿಗೆ ಜಾಲವಿಲ್ಲದೆ ಆಡುವ ವ್ಯವಸ್ಥೆಯನ್ನು ಕಲ್ಪಿಸುವುದಾಗಿ ಯೂಬಿಸಾಫ್ಟ್ ಸಾರಿತು. ಅದೇ ಆಟದ ಅಳಿವಿನಿಂದ ಪ್ರೇರಿತನಾಗಿ ರಾಸ್ ಸ್ಕಾಟ್ ಎಂಬವನು ೨೦೨೪ರಲ್ಲಿ ಆರಂಭಿಸಿದ ಚಳವಳಿಯು ಯೂರೋಪಿನ ಒಕ್ಕೂಟದ ಮುಂದೆ ಪ್ರಜೆಗಳ ಮನವಿಯ ರೂಪವನ್ನು ತಾಳಿ, ೨೦೨೫ರ ಜುಲೈಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ರುಜುಗಳನ್ನು ಪಡೆಯಿತು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಕಾನೂನು, ಮಾರುವುದು ವಸ್ತುವನ್ನಲ್ಲ, ಪರವಾನಗಿಯನ್ನು ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಮಾತನ್ನು ಬಳಸಕೂಡದೆಂದು ವಿಧಿಸಿದೆ. ಜಾಲವಿಲ್ಲದೆಯೂ ಶಾಶ್ವತವಾಗಿ ಉಪಯೋಗಿಸಬಹುದಾದ ಪ್ರತಿಗಳಿಗೆ ಆ ನಿರ್ಬಂಧವಿಲ್ಲ. ಕೊಂಡ ಪ್ರತಿ ಯಾವುದು, ಬಾಡಿಗೆಯ ಪ್ರತಿ ಯಾವುದು ಎಂಬ ವಿವೇಕವನ್ನು ಕಾನೂನು ಒಪ್ಪಿಕೊಂಡುದಕ್ಕೆ ಇದು ನಿದರ್ಶನ.

ಭಾರತದಲ್ಲಿ ೧೯೫೪ರ ಪುಸ್ತಕಸಲ್ಲಿಕೆಯ ಕಾಯಿದೆಯಂತೆ ಅಚ್ಚಾದ ಪುಸ್ತಕದ ಪ್ರತಿಯು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಗ್ರಂಥಾಲಯಗಳಿಗೂ ಸೇರಬೇಕು. ಗಣಕದ ಆಟಗಳು ಆ ಕಾಯಿದೆಯ ‘ಪುಸ್ತಕ’ ಶಬ್ದದ ವ್ಯಾಪ್ತಿಗೆ ಬರುವುವಲ್ಲ. ಕೃತಿಸ್ವಾಮ್ಯದ ಕಾಯಿದೆಗೆ ೨೦೧೨ರಲ್ಲಿ ಸೇರಿದ ೬೫-ಎ ಪ್ರಕರಣವು ಇಂಥ ಬೀಗಗಳನ್ನು ಮುರಿಯುವುದಕ್ಕೆ ದಂಡನೆಯನ್ನು ವಿಧಿಸಿ, ಆ ಕಾಯಿದೆಯು ನಿಷೇಧಿಸದ ಉದ್ದೇಶಗಳಿಗೆ ವಿನಾಯಿತಿಯನ್ನು ಕೊಟ್ಟಿದೆ. ಆದರೆ ವಿನಾಯಿತಿಯಿದ್ದ ಮಾತ್ರಕ್ಕೆ ಮುಚ್ಚಿದ ಸರ್ವರು ತೆರೆಯುವುದಿಲ್ಲ. ಆದುದರಿಂದ, ಜಾಲವಿಲ್ಲದೆ ತೆರೆಯುವ ಒಂದು ಪ್ರತಿಯು ಗ್ರಂಥಾಲಯವೊಂದಕ್ಕೆ ಸೇರಬೇಕೆಂಬ ನಿಯಮವು ಮೊದಲ ಅವಶ್ಯಕತೆ. ಅದು ಬರುವವರೆಗೆ, ಆಟಗಳನ್ನು ಕುರಿತು ಬರೆಯುವ ವಿಮರ್ಶಕರು ತಾವು ಪರೀಕ್ಷಿಸಿದ ಪಾಠದ ಸಂಖ್ಯೆಯನ್ನೂ ಪರೀಕ್ಷಿಸಿದ ದಿನಾಂಕವನ್ನೂ, ಹಸ್ತಪ್ರತಿಯ ವಿವರವನ್ನು ಕೊಡುವಂತೆಯೇ ಕೊಡುವುದು ಯುಕ್ತವಾಗಿದೆ. ಆ ಪಾಠವು ಮುಂದೆ ದೊರೆಯದೆಹೋದರೂ, ಒಂದು ಕಾಲದಲ್ಲಿ ಅದು ಇದ್ದಿತೆಂಬುದಕ್ಕೆ ಅಷ್ಟಾದರೂ ಆಧಾರವು ಉಳಿಯುತ್ತದೆ.